ಆಫ್‌ಸೆಟ್‌ನಿಂದ ಡಿಜಿಟಲ್ ಮುದ್ರಣಕ್ಕೆ: 28 ವರ್ಷ ದುಡಿದ ಮಶೀನ್‌ಮನ್‌ಗೆ ಹೊಸ ಯಂತ್ರ ಕಲಿಸುವುದೋ, ಹೊಸಬರನ್ನು ತೆಗೆದುಕೊಳ್ಳುವುದೋ?

ಪ್ರಶ್ನೆ: ಹುಬ್ಬಳ್ಳಿ ಮುದ್ರಕ

ಮಾನ್ಯರೇ,

ಹುಬ್ಬಳ್ಳಿಯ ದಾಜಿಬಾನ ಪೇಟೆಯ ಸಮೀಪ ನಮ್ಮದೊಂದು ಸಣ್ಣ ಮುದ್ರಣಾಲಯವಿದೆ. ನಮ್ಮ ತಂದೆ ಟ್ರೆಡಲ್ ಎಂಬ ಹಳೆಯ ಮಾದರಿಯ ಒಂದು ಮುದ್ರಣ ಯಂತ್ರ ಮತ್ತು ಸೀಸದ ಅಚ್ಚಕ್ಷರದ ಮೊಳೆಗಳ ಕೆಲವು ಪೆಟ್ಟಿಗೆಗಳನ್ನು ಇಟ್ಟುಕೊಂಡು ಆರಂಭಿಸಿದ ಅಂಗಡಿ ಇದು. ತೊಂಬತ್ತರ ದಶಕದ ಕೊನೆಯಲ್ಲಿ, ಪ್ರತಿ ಕೆಲಸಕ್ಕೂ ಬೇರೆ ಪ್ಲೇಟು ಮಾಡಿ ಮುದ್ರಿಸುವ ಮಿನಿ ಆಫ್‌ಸೆಟ್ ಯಂತ್ರ ತಂದೆವು. ಟ್ರೆಡಲ್ ಇಂದಿಗೂ ಮೂಲೆಯಲ್ಲಿದೆ. ಬಿಲ್ ಪುಸ್ತಕಗಳಿಗೆ ನಂಬರ್ ಹಾಕಲು ಮತ್ತು ಹಾಳೆ ಹರಿದು ತೆಗೆಯುವ ಗೆರೆಯ ತೂತು ಹೊಡೆಯಲು ಮಾತ್ರ ಅದನ್ನು ಬಳಸುತ್ತೇವೆ.

ಈಗಿನ ತೊಂದರೆ ಹೀಗಿದೆ. ಹಿಂದೆ ಲಗ್ನಪತ್ರಿಕೆಗೆ ಬಂದವರು ಸಾವಿರ ಪ್ರತಿ ಕೇಳುತ್ತಿದ್ದರು. ಈಗ ಬರುವವರು ದೇವರ ಮುಂದೆ ಇಡಲು ಮತ್ತು ಹಿರಿಯರ ಮನೆಗಳಿಗೆ ಕೊಡಲು ಇನ್ನೂರು ಪ್ರತಿ ಸಾಕೆನ್ನುತ್ತಾರೆ, ಉಳಿದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ನಮ್ಮ ದೊಡ್ಡ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ಕಂಪ್ಯೂಟರ್ ಬಿಲ್ಲಿಗೆ ಹೋದದ್ದರಿಂದ, ವರ್ಷವಿಡೀ ಕೈ ಹಿಡಿಯುತ್ತಿದ್ದ ಬಿಲ್ ಪುಸ್ತಕದ ಕೆಲಸವೂ ತೆಳುವಾಯಿತು. ಆಫ್‌ಸೆಟ್‌ನಲ್ಲಿ ಸಾವಿರ ಪ್ರತಿ ತೆಗೆದರೂ ಇನ್ನೂರು ತೆಗೆದರೂ ಪ್ಲೇಟಿನ ಖರ್ಚು ಅಷ್ಟೇ, ಯಂತ್ರ ತೊಳೆದು ಶಾಯಿ ಹದಕ್ಕೆ ತರುವ ಸಮಯವೂ ಅಷ್ಟೇ, ಹದಕ್ಕೆ ಬರುವವರೆಗೆ ಹಾಳಾಗುವ ಕಾಗದವೂ ಅಷ್ಟೇ. ಹೀಗಾಗಿ ಇನ್ನೂರು ಪ್ರತಿಯ ಕೆಲಸದಲ್ಲಿ ನಮಗೆ ಉಳಿಯುವುದು ಬಹಳ ಕಡಿಮೆ. ಪ್ಲೇಟಿನ ಹಂಗಿಲ್ಲದ ಡಿಜಿಟಲ್ ಯಂತ್ರವಿದ್ದರೆ ಹತ್ತು ಪ್ರತಿಯನ್ನೂ ನಷ್ಟವಿಲ್ಲದೆ ತೆಗೆಯಬಹುದು. ಬಳಸಿದ ಯಂತ್ರವೊಂದು ಮಾರಾಟಕ್ಕಿದೆ, ಸಾಲವೂ ಸಿಗಬಹುದು.

ನನ್ನನ್ನು ನಿಜವಾಗಿ ಕಾಡುತ್ತಿರುವುದು ಯಂತ್ರದ ಲೆಕ್ಕವಲ್ಲ. ನಮ್ಮ ಮಶೀನ್‌ಮನ್ 28 ವರ್ಷಗಳಿಂದ ನಮ್ಮಲ್ಲಿದ್ದಾರೆ, ಅವರನ್ನು ನಾನು ಕಾಕಾ ಎಂದೇ ಕರೆಯುತ್ತೇನೆ. ವಯಸ್ಸು 54, ಇಂಗ್ಲಿಷ್ ಓದಲು ಬರುವುದಿಲ್ಲ, ಕಂಪ್ಯೂಟರ್ ಮುಟ್ಟಿದವರಲ್ಲ. ಹೊಸ ಯಂತ್ರದ ಮಾತು ಕಿವಿಗೆ ಬಿದ್ದ ದಿನ ಸಂಜೆ ಕೈ ತೊಳೆದುಕೊಂಡು ಬಂದು, "ನನ್ನ ಕೈಗೆ ಇದು ಒಗ್ಗೂದಿಲ್ಲ ತಮ್ಮಾ, ಒಬ್ಬ ಹೊಸಾ ಹುಡುಗನ್ನ ತಗೋ, ನಾ ದೀಪಾವಳಿತನಕ ಇದ್ದು ಹೋಗ್ತೀನಿ" ಎಂದರು. ನಾನು ಏನೂ ಹೇಳಲಾಗದೆ ನಿಂತುಬಿಟ್ಟೆ. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುವ ಹುಡುಗನಿಗೆ ಹೊಸ ಯಂತ್ರ ಕಲಿಯುವುದು ಕಷ್ಟವಾಗದು. ಬೈಂಡಿಂಗ್ ಮಾಡುವ ಅಕ್ಕನವರೂ ಒಬ್ಬರಿದ್ದಾರೆ.

ತಂತ್ರಜ್ಞಾನ ಬದಲಾದಾಗ ಹಳೆಯ ಕೆಲಸಗಾರರನ್ನು ಜೊತೆಗೆ ಕರೆದುಕೊಂಡೇ ಮುಂದೆ ಹೋದವರು, ಅಥವಾ ಸ್ವತಃ ಆ ಕೆಲಸಗಾರರಾಗಿದ್ದವರು, ನಡೆದದ್ದನ್ನು ನಡೆದಂತೆಯೇ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಧಾರವಾಡದ ಹಳೆಯ ಕಂಪೋಜಿಟರ್

ನಾನು ತಮ್ಮ ಕಾಕಾ ಅವರ ಜಾಗದಲ್ಲಿ ನಿಂತು ಬಂದವನು, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

1976ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಧಾರವಾಡದ ಒಂದು ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಕನ್ನಡದ ಮೊಳೆ ಪೆಟ್ಟಿಗೆಯ ಮುಂದೆ ನಿಂತವರಿಗೆ ಗೊತ್ತು: ಕಾಗುಣಿತ ಬೇರೆ, ಒತ್ತಕ್ಷರ ಬೇರೆ, ಇಂಗ್ಲಿಷಿನ ಪೆಟ್ಟಿಗೆಗಿಂತ ನಮ್ಮದರಲ್ಲಿ ಮನೆಗಳು ಎಷ್ಟೋ ಪಟ್ಟು ಹೆಚ್ಚು. ಯಾವ ಮನೆಯಲ್ಲಿ ಯಾವ ಅಕ್ಷರ ಎಂಬುದು ತಲೆಗಿಂತ ಮೊದಲು ಬೆರಳಿಗೆ ತಿಳಿದಿರುತ್ತಿತ್ತು. ಸಾಲುಗಳನ್ನು ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡಂತೆ ಓದುವುದು ಅಭ್ಯಾಸವಾಗಲು ನನಗೆ ಎರಡು ವರ್ಷ ಹಿಡಿಯಿತು.

1996ರಲ್ಲಿ ನಮ್ಮ ಮಾಲೀಕರು ಡಿಟಿಪಿ ತಂದರು. ಅದರೊಂದಿಗೆ ವೇಗವಾಗಿ ಟೈಪ್ ಮಾಡುವ ಹೊಸ ಹುಡುಗನನ್ನೂ ತಂದರು, ನಾವು ಮೂವರು ಕಂಪೋಜಿಟರುಗಳು ಗೋಡೆಗೆ ಒರಗಿ ನೋಡುತ್ತ ಕುಳಿತೆವು. ಹುಡುಗ ಒಳ್ಳೆಯವನು, ಚುರುಕಾಗಿದ್ದ. ಆದರೆ ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ, ಸಾಲಿನ ಕೊನೆಯಲ್ಲಿ ಪದವನ್ನು ಎಲ್ಲಿ ಒಡೆಯಬೇಕೆಂಬುದು ತಿಳಿಯುತ್ತಿರಲಿಲ್ಲ. ಒಂದು ದಿನದಲ್ಲಿ ಟೈಪ್ ಆದ ಪುಸ್ತಕದ ಕರಡು ತಿದ್ದಲು ಮೂರು ದಿನ ಹೋಗತೊಡಗಿತು. ತಿಂಗಳು ಕಳೆದ ಮೇಲೆ ಮಾಲೀಕರು ನಮ್ಮಲ್ಲಿ ಒಬ್ಬೊಬ್ಬರನ್ನು ಅವನ ಪಕ್ಕದಲ್ಲಿ ಕೂರಿಸಿದರು. ನಾವು ಅವನಿಗೆ ಕನ್ನಡ ಹೇಳಿಕೊಟ್ಟೆವು, ಅವನು ನಮಗೆ ಕಂಪ್ಯೂಟರ್ ಹೇಳಿಕೊಟ್ಟ.

ಕಲಿಯುವಾಗ ನಿಜವಾಗಿ ಎಲ್ಲಿ ಸಿಕ್ಕಿಕೊಂಡೆ ಎಂಬುದನ್ನು ಹೇಳಬೇಕು, ಏಕೆಂದರೆ ತಮ್ಮ ಕಾಕಾ ಅವರಿಗೂ ಅದು ಎದುರಾಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ಮುಂದೆ ಕನ್ನಡ ಬರೆಯುವ ನುಡಿ ತಂತ್ರಾಂಶದಲ್ಲೂ ಬಳಕೆಗೆ ಬಂದದ್ದು, ಬಹಳ ಸುಲಭವೆಂದು ಎಲ್ಲರೂ ಹೇಳುತ್ತಾರೆ. ಅದು ನಿಜವೂ ಹೌದು: ಕೆ ಒತ್ತಿದರೆ ಕ ಬರುತ್ತದೆ, ನಡುವೆ ಎಫ್ ಒತ್ತಿದರೆ ಒತ್ತಕ್ಷರವಾಗುತ್ತದೆ. ಆದರೆ ಅದು ಇಂಗ್ಲಿಷ್ ಅಕ್ಷರ ಬಲ್ಲವರಿಗೆ ಸುಲಭ. ನಾನು ಓದಿದ್ದು ಕನ್ನಡ ನಾಲ್ಕನೆಯ ಇಯತ್ತೆ. ಮೊದಲ ವಾರ ಕೀಲಿಮಣೆಯ ಮೇಲೆ ಕೈಯಿಟ್ಟು ಬೆವೆತದ್ದೇ ಬಂತು. ಕೊನೆಗೆ ಬೈಂಡಿಂಗಿನ ಗಮ್ ಹಚ್ಚಿ ಪ್ರತಿ ಕೀಲಿಯ ಮೇಲೂ ಕನ್ನಡ ಅಕ್ಷರದ ಚೀಟಿ ಅಂಟಿಸಿಕೊಂಡೆ. ಅಲ್ಲಿಂದ ನಾಲ್ಕು ತಿಂಗಳಲ್ಲಿ ಕೈ ಕುದುರಿತು. ತಲೆ ಮಂದವಾಗಿತ್ತೆಂದು ನಾನು ತಡಮಾಡಲಿಲ್ಲ, ನನಗೆ ಅಡ್ಡಿಯಾಗಿದ್ದು ಇಪ್ಪತ್ತಾರು ಅಕ್ಷರಗಳು. ತಮ್ಮ ಯಂತ್ರದ ಪರದೆಯ ಮೇಲಿನ ಸೂಚನೆಗಳು ಇಂಗ್ಲಿಷಿನಲ್ಲಿದ್ದರೆ, ದಿನನಿತ್ಯ ಬೇಕಾಗುವ ಹತ್ತು ಹನ್ನೆರಡು ಸೂಚನೆಗಳನ್ನು ಕನ್ನಡದಲ್ಲಿ ಬರೆದು ಯಂತ್ರದ ಪಕ್ಕದಲ್ಲಿ ಅಂಟಿಸಿರಿ. ಕಾಕಾ ಅವರ ಅರ್ಧ ಭಯ ಅಲ್ಲಿಯೇ ಹೋಗುತ್ತದೆ.

ಇನ್ನು ಅವರು ಬಲ್ಲದ್ದು ಹೊಸ ಯಂತ್ರಕ್ಕೆ ಬೇಡವೆಂದು ತಾವು ತಿಳಿದಿದ್ದರೆ ಅದು ಸರಿಯಲ್ಲ. ಡಿಜಿಟಲ್ ಯಂತ್ರ ಟೋನರಿನ ಪುಡಿಯನ್ನು ಶಾಖದಿಂದ ಕಾಗದದ ಮೇಲೆ ಕರಗಿಸಿ ಕೂಡಿಸುತ್ತದೆ, ಶಾಯಿಯಂತೆ ಅದು ಕಾಗದದ ಒಳಗೆ ಇಳಿಯುವುದಿಲ್ಲ. ದಪ್ಪ ಕಾರ್ಡನ್ನು ಕಾಗದದ ಎಳೆಗೆ, ಅಂದರೆ ಅದರ ನಾರುಗಳು ಸಾಗುವ ದಿಕ್ಕಿಗೆ, ಅಡ್ಡವಾಗಿ ಮಡಚಿದರೆ ಮಡಿಕೆಯ ಗುಂಟ ಟೋನರ್ ಬಿರಿದು ಬಿಳಿಯ ಗೆರೆ ಕಾಣುತ್ತದೆ. ಮಳೆಗಾಲದಲ್ಲಿ ತೇವ ಕುಡಿದ ಕಾಗದ ಆ ಶಾಖಕ್ಕೆ ಸುರುಳಿಯಾಗಿ ಒಳಗೇ ಸಿಕ್ಕಿಕೊಳ್ಳುತ್ತದೆ. ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಸಿ ಎಳೆ ಯಾವ ಕಡೆಗಿದೆ ಎಂದು ಹೇಳುವುದು, ರೀಮನ್ನು ಮುಟ್ಟಿದ ಕೂಡಲೇ ತೇವ ತಿಳಿಯುವುದು, ಎರಡು ಹಾಳೆಗಳ ಕೆಂಪು ಬಣ್ಣದಲ್ಲಿನ ಸಣ್ಣ ವ್ಯತ್ಯಾಸ ಕಾಣುವುದು 28 ವರ್ಷ ಆಫ್‌ಸೆಟ್ ನಡೆಸಿದವರಿಗೆ ಉಸಿರಾಡಿದಷ್ಟು ಸಹಜ. ಹೊಸ ಹುಡುಗನಿಗೆ ಇದನ್ನು ಯಾವ ಕಂಪನಿಯ ತರಬೇತಿಯೂ ಒಂದು ವಾರದಲ್ಲಿ ಕಲಿಸಲಾರದು.

ಒಮ್ಮೆ ಕಲಿತರೆ ಮುಗಿಯಿತು ಎಂದೂ ಭಾವಿಸಬೇಡಿರಿ. ಹಳೆಯ ಫಾಂಟುಗಳಲ್ಲಿ ನಾವು ಕೂಡಿಟ್ಟ ಕಡತಗಳೆಲ್ಲ, ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಯೂನಿಕೋಡ್ ಎಂಬ ಅಕ್ಷರ ಸಂಕೇತ ಬಂದಾಗ ಮತ್ತೆ ತಲೆನೋವಾದವು. ಪರಿವರ್ತಕಕ್ಕೆ ಹಾಕಿದರೆ ಒತ್ತಕ್ಷರಗಳು ಅತ್ತಿತ್ತ ಸರಿಯುತ್ತಿದ್ದವು. ಎಷ್ಟೋ ಮಂದಿ ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನು ಒತ್ತಿ ಕೆಲಸ ಸಾಗಿಸಿದ್ದರು. ಅಚ್ಚಿನಲ್ಲಿ ಅದು ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತದೆ, ಆದರೆ ಕಂಪ್ಯೂಟರಿನಲ್ಲಿ "ಧರ್ಮ" ಎಂದು ಹುಡುಕಿದರೆ "ಧಮ೯" ಎಂದು ಬರೆದದ್ದು ಸಿಗುವುದೇ ಇಲ್ಲ. ಹಳೆಯ ಪುಸ್ತಕಗಳ ಮರುಮುದ್ರಣಕ್ಕೆ ಇಂತಹ ಕಡತಗಳನ್ನು ತಿದ್ದಿಕೊಡುವುದೇ ಕಳೆದ ಕೆಲವು ವರ್ಷಗಳಿಂದ ನನ್ನ ಜೀವನೋಪಾಯ. ಮೊಳೆ ಜೋಡಿಸುವಾಗ ಬಂದ ಕಣ್ಣೇ ಇಲ್ಲಿಯೂ ಕೆಲಸ ಮಾಡುತ್ತಿದೆ.

ನಮ್ಮ ಮೂವರಲ್ಲಿ ಒಬ್ಬರು ಕಲಿಯಲಿಲ್ಲ. ಊರಿಗೆ ಹೋಗಿ ಹೊಲ ನೋಡಿಕೊಂಡರು. ಅವರು ನಮ್ಮೆಲ್ಲರಿಗಿಂತ ಒಳ್ಳೆಯ ಕಂಪೋಜಿಟರ್ ಆಗಿದ್ದರು ಎಂಬುದನ್ನು ಇಲ್ಲಿ ಬರೆದಿಡಬೇಕು.

ಉತ್ತರ 2: ರೈಲ್ವೆ ಕಾರ್ಯಾಗಾರದ ನಿವೃತ್ತ ಮೇಲ್ವಿಚಾರಕ, ಹುಬ್ಬಳ್ಳಿ

ಮೇಲಿನ ಹಿರಿಯರ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ 1885ರಲ್ಲಿ, ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ ಆರಂಭವಾದದ್ದು. ಉಗಿಬಂಡಿಯ ಯುಗದಿಂದ ಇಂದಿನವರೆಗೆ ಅಲ್ಲಿ ಎಷ್ಟು ಕಸುಬುಗಳು ಬಂದು ಹೋದವೋ ಲೆಕ್ಕವಿಲ್ಲ. ನಾನು ಕಣ್ಣಾರೆ ಕಂಡ ದೊಡ್ಡ ಬದಲಾವಣೆ ಎಂದರೆ ಐಸಿಎಫ್ ಎಂಬ ಹಳೆಯ ಮಾದರಿಯ ಬೋಗಿಗಳ ಜಾಗದಲ್ಲಿ ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಗಳು ಬಂದದ್ದು. 2018ರಲ್ಲಿ ಹಳೆಯ ಮಾದರಿಯ ಬೋಗಿಗಳ ತಯಾರಿಕೆಯೇ ನಿಂತಿತು.

ಹಳೆಯದರ ಮೈ ಸಾಧಾರಣ ಉಕ್ಕು, ಹೊಸದರ ಮೈ ಸ್ಟೇನ್‌ಲೆಸ್ ಉಕ್ಕು. ಹಳೆಯದರಲ್ಲಿ ಬ್ರೇಕಿನ ಬ್ಲಾಕ್ ಚಕ್ರವನ್ನೇ ಒತ್ತುತ್ತಿತ್ತು, ಹೊಸದರಲ್ಲಿ ಚಕ್ರಗಳ ಅಚ್ಚಿನ ಮೇಲೆ ಬ್ರೇಕಿನ ಡಿಸ್ಕ್ ಕೂತಿದೆ. ಹೊರಗಿನವರಿಗೆ ಇದು ಸಣ್ಣ ಸಂಗತಿ ಎನಿಸಬಹುದು. ಸ್ಟೇನ್‌ಲೆಸ್ ಉಕ್ಕು ಶಾಖವನ್ನು ಬೇಗ ಹರಡಲು ಬಿಡುವುದಿಲ್ಲ, ಆದರೆ ಕಾದಾಗ ಹೆಚ್ಚು ಹಿಗ್ಗುತ್ತದೆ. ಸಾಧಾರಣ ಉಕ್ಕಿಗೆ ಒಗ್ಗಿದ ವೆಲ್ಡರ್ ತನ್ನ ಎಂದಿನ ಕರೆಂಟಿನಲ್ಲಿ, ಎಂದಿನ ನಿಧಾನಕ್ಕೆ ಕೈ ಎಳೆದರೆ ತಗಡು ಸೊಟ್ಟಗಾಗುತ್ತದೆ. ಇಪ್ಪತ್ತು ವರ್ಷ ಚೊಕ್ಕವಾಗಿ ಬೆಸುಗೆ ಹಾಕಿದವರ ತಗಡು ಮೊದಲ ಸಲ ಸೊಟ್ಟಗಾದಾಗ ಅವರ ಮುಖದಲ್ಲಿ ಕಂಡ ನಾಚಿಕೆಯನ್ನು ನಾನು ಮರೆತಿಲ್ಲ. ಹೊಸಬನಿಗೆ ಕಲಿಯುವುದೊಂದೇ ಕೆಲಸ. ಹಳಬನಿಗೆ ಮೊದಲು ಕೈಯ ಅಭ್ಯಾಸ ಮರೆಯಬೇಕು, ಆಮೇಲೆ ಕಲಿಯಬೇಕು, ಅದೂ ತನಗಿಂತ ಕಿರಿಯರ ಎದುರಿಗೆ.

ನಾವು ಮಾಡಿದ್ದು ಇಷ್ಟೆ: ಬೇಡವಾದ ತುಂಡು ತಗಡುಗಳನ್ನು ಕೊಟ್ಟು, ಯಾರೂ ನೋಡದ ಮೂಲೆಯಲ್ಲಿ, ಸಂಬಳ ಕಡಿತವಿಲ್ಲದೆ, ಹಾಳುಮಾಡಲು ಬಿಟ್ಟೆವು. ಕೈ ಬದಲಾದ ಮೇಲೆ ಅವರೇ ಮುಂದೆ ಬಂದರು. ರೈಲ್ವೆಯಂತಹ ದೊಡ್ಡ ಸಂಸ್ಥೆಗೆ ತರಬೇತಿ ಕೇಂದ್ರವಿರುತ್ತದೆ, ಕಲಿಯುವ ದಿನಗಳ ಸಂಬಳವೂ ನಿಲ್ಲುವುದಿಲ್ಲ. ನಾಲ್ಕು ಜನರ ಅಂಗಡಿಯಲ್ಲಿ ಅದು ಭಾರವೆಂಬುದು ನನಗೆ ತಿಳಿದಿದೆ. ಆದರೂ ತಾವು ಯಂತ್ರದ ಬೆಲೆಯ ಜೊತೆಗೆ ಮೂರು ತಿಂಗಳು ಹಾಳಾಗುವ ಕಾಗದದ ಬೆಲೆಯನ್ನೂ, ಅಷ್ಟು ದಿನ ಕಾಕಾ ಅವರ ಪೂರ್ಣ ಸಂಬಳವನ್ನೂ ಬಂಡವಾಳದಲ್ಲಿಯೇ ಹಿಡಿಯಿರಿ. ಆ ಲೆಕ್ಕ ಹಿಡಿಯದೆ ಯಂತ್ರ ತಂದ ಕಡೆಗಳಲ್ಲಿಯೇ ಮೊದಲ ನಷ್ಟಕ್ಕೆ ಹಳೆಯ ಕೆಲಸಗಾರನ ಮೇಲೆ ಬೆರಳು ತೋರಿಸುವುದು.

ಉತ್ತರ 3: ಹಾವೇರಿ

ಸಾಲ ಮಾಡಿ ಯಂತ್ರ ತರುವ ಮೊದಲು ದಯವಿಟ್ಟು ಆರು ತಿಂಗಳು ತಡೆಯಿರಿ. ನಾನು 2015ರಲ್ಲಿ ಸಾಲ ತೆಗೆದು ಫ್ಲೆಕ್ಸ್ ಮುದ್ರಿಸುವ ಯಂತ್ರ ತಂದೆ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಫ್ಲೆಕ್ಸ್, ಬ್ಯಾನರ್‌ಗಳನ್ನೂ ನಿಷೇಧಿಸಿತು. ಮುಂದೆ 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರಿಗೆ ದೇಶದಾದ್ಯಂತ ತಡೆ ಬಂತು. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ಊರಿನ ಗಟಾರಗಳಲ್ಲಿ ಫ್ಲೆಕ್ಸ್ ಸಿಕ್ಕಿಕೊಂಡಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಇಂತಹ ನಿಯಮ ಬರಬಹುದೆಂದು ಯೋಚಿಸದೆ, ಪಕ್ಕದ ಅಂಗಡಿಯವರು ತಂದರೆಂದು ನಾನೂ ತಂದೆ. ಈಗ ಬಟ್ಟೆಯ ಬ್ಯಾನರಿನ ಕೆಲಸ ಹಿಡಿದಿದ್ದೇನೆ, ಸಾಲ ತೀರಿದ್ದು ಇತ್ತೀಚೆಗೆ.

ಡಿಜಿಟಲ್ ಯಂತ್ರದಲ್ಲಿ ಕಂತಿನ ಜೊತೆಗೆ ಕ್ಲಿಕ್ ದರವೂ, ಅಂದರೆ ಮುದ್ರಿಸಿದ ಪ್ರತಿ ಹಾಳೆಯ ಲೆಕ್ಕದಲ್ಲಿ ಕೊಡಬೇಕಾದ ಹಣವೂ, ಬೀಳುತ್ತದೆ ಎಂಬುದನ್ನು ನೆನಪಿಡಿರಿ. ಹುಬ್ಬಳ್ಳಿಯಲ್ಲಿ ಇಂತಹ ಯಂತ್ರ ಇರುವವರು ಸಾಕಷ್ಟಿದ್ದಾರೆ. ತಮ್ಮ ಸಣ್ಣ ಕೆಲಸಗಳನ್ನು ಸದ್ಯ ಅವರಲ್ಲಿಯೇ ಹೊಡೆಸಿ, ಎಷ್ಟು ಹಾಳೆ ಆಯಿತೆಂದು ದಿನವೂ ಬರೆದಿಡಿರಿ. ಆರು ತಿಂಗಳ ಆ ಪುಸ್ತಕ ನೋಡಿದರೆ ಯಂತ್ರ ತರಬೇಕೋ ಬೇಡವೋ ತಿಳಿಯುತ್ತದೆ.

ಉತ್ತರ 4: ಬೆಟಗೇರಿಯಿಂದ

ತಮ್ಮ ಪ್ರಶ್ನೆಯಲ್ಲಿ ಕಾಕಾ ಅವರ ಬಗ್ಗೆ ಅಷ್ಟು ಅಕ್ಕರೆಯಿಂದ ಬರೆದಿದ್ದೀರಿ, ಓದಿ ಮನಸ್ಸು ತುಂಬಿತು. ಆದರೆ ಬೈಂಡಿಂಗ್ ಮಾಡುವ ಅಕ್ಕನವರ ಬಗ್ಗೆ ಇರುವುದು ಒಂದೇ ಸಾಲು. ಉತ್ತರ ಕೊಟ್ಟವರಾರೂ ಅವರ ಮಾತೆತ್ತಲಿಲ್ಲ.

ನಮ್ಮದು ಗದಗ-ಬೆಟಗೇರಿಯ ನೇಕಾರರ ಮನೆತನ. ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದಾಗ ನಮ್ಮ ತಂದೆ ಕಷ್ಟಪಟ್ಟಾದರೂ ಅದನ್ನು ಕಲಿತರು. ಊರಿನ ಜನ "ನೇಕಾರ ಬದಲಾದ" ಎಂದರು. ಆದರೆ ಕುಣಿಮಗ್ಗದ ಹಿಂದೆ ನಮ್ಮ ಅವ್ವ ದಿನಕ್ಕೆ ಆರೇಳು ತಾಸು ರಾಟಿಯ ಮುಂದೆ ಕುಳಿತು ಕಂಡಿಕೆ, ಅಂದರೆ ಸಣ್ಣ ಕೊಳವೆಗೆ ನೂಲು, ಸುತ್ತುತ್ತಿದ್ದಳು. ಲಾಳಿಯೊಳಗೆ ಆ ಕಂಡಿಕೆ ಇಲ್ಲದಿದ್ದರೆ ಹೊಕ್ಕಿನ ಎಳೆ ಎಲ್ಲಿಂದ ಬರಬೇಕು? ಕಂಡಿಕೆ ಸುತ್ತಲು ಯಂತ್ರ ಬಂದ ದಿನ ಅವ್ವನ ಕೆಲಸ ಹೋಯಿತು. ಅದಕ್ಕೆ ಬೇರೆ ಕೂಲಿ ಎಂದೂ ಇರಲಿಲ್ಲವಾದ್ದರಿಂದ, ಕೆಲಸ ಹೋದದ್ದನ್ನೂ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವಳಿಗೆ ಹೊಸದೇನಾದರೂ ಕಲಿಸಬೇಕೆಂದು ಯಾರಿಗೂ, ಮಗಳಾದ ನನಗೂ, ಅಂದು ಹೊಳೆಯಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನೋವಾಗುತ್ತದೆ.

ಬಿಲ್ ಪುಸ್ತಕದ ಕೆಲಸ ತೆಳುವಾಯಿತೆಂದರೆ ಮೊದಲು ಕೈ ಖಾಲಿಯಾಗುವುದು ಆ ಅಕ್ಕನವರದ್ದು. ಅವರು ತಾವಾಗಿ ಬಂದು ಕೇಳಲಿಕ್ಕಿಲ್ಲ. ತಾವೇ ಕರೆದು ಕೇಳಿರಿ.

ಪ್ರಶ್ನೆ ಕೇಳಿದವರಿಂದ: ಹುಬ್ಬಳ್ಳಿ ಮುದ್ರಕ

ಎಲ್ಲರಿಗೂ ಮನಃಪೂರ್ವಕ ನಮಸ್ಕಾರಗಳು. ಬೆಟಗೇರಿಯ ಅಕ್ಕನವರೇ, ತಾವು ಹೇಳಿದ್ದು ಸರಿ, ನಾನು ಆ ಕಡೆ ನೋಡಿಯೇ ಇರಲಿಲ್ಲ. ಮರುದಿನವೇ ಕೇಳಿದೆ. ಅವರ ತಿಂಗಳ ದುಡಿಮೆ ಕಳೆದ ಎರಡು ವರ್ಷಗಳಲ್ಲಿ ಎಷ್ಟು ಇಳಿದಿದೆ ಎಂಬುದು ಅವರ ಬಾಯಿಂದ ಕೇಳುವವರೆಗೆ ನನಗೆ ತಿಳಿದಿರಲಿಲ್ಲ, ಏಕೆಂದರೆ ಅವರಿಗೆ ನಾವು ಕೊಡುವುದು ಪುಸ್ತಕದ ಲೆಕ್ಕದಲ್ಲಿ. ಸದ್ಯಕ್ಕೆ ಅವರ ಕೂಲಿಯನ್ನು ತಿಂಗಳ ಸಂಬಳಕ್ಕೆ ಬದಲಾಯಿಸಿದ್ದೇನೆ. ಕಾಲೇಜು ವಿದ್ಯಾರ್ಥಿಗಳ ಪ್ರಬಂಧಗಳಿಗೆ ಗಟ್ಟಿ ರಟ್ಟಿನ ಬೈಂಡಿಂಗ್ ಬೇಕಾಗುತ್ತದೆ, ಅದನ್ನು ತಾವು ಮಾಡಬಲ್ಲೆನೆಂದು ಅವರೇ ಹೇಳಿದರು. ಧಾರವಾಡದ ಕಡೆಯಿಂದ ಅಂತಹ ಕೆಲಸ ತರಲು ಓಡಾಡುತ್ತಿದ್ದೇನೆ.

ಯಂತ್ರ ಕೊಳ್ಳುವುದನ್ನು ಮುಂದಕ್ಕೆ ಹಾಕಿದ್ದೇನೆ. ಹಾವೇರಿಯವರು ಹೇಳಿದಂತೆ ಸಣ್ಣ ಕೆಲಸಗಳನ್ನು ಹೊರಗೆ ಹೊಡೆಸುತ್ತಿದ್ದೇವೆ, ಹಾಳೆಯ ಲೆಕ್ಕದ ಪುಸ್ತಕ ಇಟ್ಟಿದ್ದೇವೆ. ಆ ಕೆಲಸಗಳನ್ನು ತೆಗೆದುಕೊಂಡು ಹೋಗುವುದು ನಾನಲ್ಲ, ಕಾಕಾ. ಮೊದಲ ದಿನ ಹೋಗಲು ಒಪ್ಪಲಿಲ್ಲ. "ಕಾಗದ ಸರಿ ಐತೋ ಇಲ್ಲೋ ನೋಡಾಕರ ಬಾ ಕಾಕಾ" ಎಂದು ಕರೆದುಕೊಂಡು ಹೋದೆ.

ಅಲ್ಲಿ ಒಂದು ಗೃಹಪ್ರವೇಶದ ಕಾರ್ಡು ಹೊಡೆಯುತ್ತಿದ್ದರು. ಮೊದಲ ಕಾರ್ಡನ್ನು ಮಡಚಿದಾಗ ಮಡಿಕೆಯ ಮೇಲೆ ಗಣಪತಿಯ ಕೆಂಪು ಬಣ್ಣ ಬಿರಿದು ಬಿಳಿ ಗೆರೆ ಎದ್ದಿತು. ಯಂತ್ರ ನಡೆಸುವ ಹುಡುಗ ಟೋನರ್ ಸರಿಯಿಲ್ಲವೇನೋ ಎಂದ. ಕಾಕಾ ಒಂದು ಖಾಲಿ ಹಾಳೆ ಎತ್ತಿಕೊಂಡು ಆ ಕಡೆ ಈ ಕಡೆ ಬಾಗಿಸಿ ನೋಡಿದರು, "ಎಳಿ ಅಡ್ಡ ಐತಿ, ಹಾಳಿ ತಿರುಗಿಸಿ ಕತ್ತರಿಸಿ ಹಾಕು, ಮಡಚೂ ಮುಂಚೆ ಒಂದು ಗೀರು ಒತ್ತು" ಎಂದರು. ಎರಡನೆಯ ಕಾರ್ಡು ಚೊಕ್ಕವಾಗಿ ಮಡಚಿತು. ಹುಡುಗ ಅವರಿಗೆ ಕುರ್ಚಿ ಹಾಕಿದ. ಆಮೇಲೆ ಪರದೆಯ ಮೇಲೆ ದಪ್ಪ ಕಾಗದವನ್ನು ಎಲ್ಲಿ ಆರಿಸಬೇಕೆಂದು ಅವನು ತೋರಿಸಿದ್ದನ್ನು ಕಾಕಾ ಸಿಗರೇಟ್ ಪಾಕೀಟಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಂಡು ಬಂದಿದ್ದಾರೆ.

ಈಗ ವಾರಕ್ಕೆ ಮೂರು ದಿನ ಹೋಗುತ್ತಾರೆ. ದೀಪಾವಳಿಯ ಮಾತನ್ನು ಮತ್ತೆ ಎತ್ತಿಲ್ಲ. ಮಡಿಕೆಯ ಗೀರು ಒತ್ತಲು ಮೂಲೆಯ ಟ್ರೆಡಲ್ಲನ್ನೇ ಸಜ್ಜು ಮಾಡೋಣವೆಂದು ನಿನ್ನೆ ಅದರ ಧೂಳು ಒರೆಸಿ ಎಣ್ಣೆ ಬಿಟ್ಟಿದ್ದಾರೆ. ಧಾರವಾಡದ ಹಿರಿಯರೇ, ನಮ್ಮಲ್ಲಿಯೂ ಅರ್ಕಾವತ್ತಿನ ಜಾಗದಲ್ಲಿ ಒಂಬತ್ತು ಕುಳಿತಿರುವ ಹಳೆಯ ಕಡತಗಳು ಬಹಳ ಇವೆ. ಒಂದು ದಿನ ಬಿಡುವು ಮಾಡಿಕೊಂಡು ಅಂಗಡಿಗೆ ಬಂದರೆ ನಮ್ಮ ಡಿಟಿಪಿ ಹುಡುಗನನ್ನು ತಮ್ಮ ಪಕ್ಕದಲ್ಲಿ ಕೂರಿಸುತ್ತೇನೆ, ತಮ್ಮ ದಿನದ ಸಂಭಾವನೆಯನ್ನು ತಾವೇ ಹೇಳಬೇಕು.